ಗುಡಿಸು, ಕೊಂಬು

ಬೆಳಗಿನಿಂದ ಅವನಿಗೆ ಯಾವ ಬರಹ ಕಂಡರೂ ಅದರಲ್ಲಿ ಗುಡಿಸುಗಳಷ್ಟೇ ಕಾಣುತ್ತಿದ್ದವು. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು, ಎದುರುಮನೆಯ ಗೇಟಿಗೆ ಕಟ್ಟಿದ್ದ ‘ಬಾಡಿಗೆಗೆ ಇದೆ’ ಎಂಬ ರಟ್ಟಿನಲ್ಲಿ ಒಂದು, ಬಸ್ಸಿನಲ್ಲಿ ಪಕ್ಕ ಕೂತವನ ಪತ್ರಿಕೆಯಲ್ಲಿ ಲೆಕ್ಕವಿಲ್ಲದಷ್ಟು. ಅಕ್ಷರದ ತಲೆಯ ಮೇಲೆ ಸುತ್ತಿಕೊಂಡು ಕೂತ ಸಣ್ಣ ಗಂಟು. ಅದಿದ್ದರೆ ದ ಎಂಬುದು ದಿ. ಅದನ್ನು ಕಿತ್ತು ಬಲಕ್ಕೊಂದು ಕೊಂಬು ಸಿಕ್ಕಿಸಿದರೆ ದು. ಒಂದನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಜೀವಮಾನವಿಡೀ ಅಚ್ಚಿನ ಮನೆಗಳಲ್ಲಿ ಕರಡು ತಿದ್ದಿಕೊಂಡು ಬಂದವನು ಇಂಥ ಗುಡಿಸುಗಳನ್ನು ಎಷ್ಟು ಕಿತ್ತಿದ್ದನೋ, ಎಷ್ಟು ಕೊಂಬು ಸಿಕ್ಕಿಸಿದ್ದನೋ, ಒಂದೂ ಅವನ ನಿದ್ದೆ ಕೆಡಿಸಿರಲಿಲ್ಲ. ನಿನ್ನೆ ಸಂಜೆ ಗೊತ್ತಾಯಿತು: ಅಮ್ಮನ ಹಾಡಿನಿಂದ ಅವನು ಕಿತ್ತುಹಾಕಿದ ಒಂದು ಗುಡಿಸಿನ ಜೊತೆಗೆ ಅವನ ಅಕ್ಕನೂ ಹೋಗಿಬಿಟ್ಟಿದ್ದಳು. ತನಗೊಬ್ಬ ಅಕ್ಕ ಇದ್ದಳೆಂಬುದು ತಿಳಿದದ್ದೂ ಅದೇ ಉಸಿರಿನಲ್ಲಿ. ಐವತ್ತು ದಾಟಿದ ಮೇಲೆ, ಕೈಯಲ್ಲಿ ಅರ್ಧ ಕುಡಿದ ಚಹಾ ಹಿಡಿದುಕೊಂಡು, ಅವನು ಒಂದೇ ಗಳಿಗೆಯಲ್ಲಿ ತಮ್ಮನೂ ಆದ, ಅಕ್ಕನನ್ನು ಕಳೆದುಕೊಂಡವನೂ ಆದ.

ಪುಸ್ತಕ ಮನೆಗೆ ಬಂದದ್ದು ನಿನ್ನೆಯೇ. ಅಮ್ಮನ ಬಾಯಿಂದ ಕೇಳಿ ಕೇಳಿ ಬರೆದುಕೊಂಡ ಹಾಡುಗಳು: ಬೀಸುವಾಗಿನವು, ನಾಟಿ ಮಾಡುವಾಗಿನವು, ಮಗು ಮಲಗಿಸುವಾಗಿನವು. ಅಮ್ಮ ಆ ಹಾಡುಗಳನ್ನು ತನ್ನ ಅಮ್ಮನಿಂದ ಕಲಿತಿದ್ದಳು, ಅವಳು ಅವಳ ಅತ್ತೆಯಿಂದ. ತೀರಿಕೊಂಡ ಅವನ ಹೆಂಡತಿಗೆ ಹಾಡು ಬರುತ್ತಿರಲಿಲ್ಲ, ಬದುಕಿದ್ದಿದ್ದರೂ ಕಲಿಯುವ ಪೈಕಿಯಲ್ಲ. ಹಾಗಾಗಿ ಸರಪಳಿ ತನ್ನ ಮನೆಯಲ್ಲೇ ತುಂಡಾಗುತ್ತದೆಂಬ ಭಯಕ್ಕೆ ಅವನೇ ಪೆನ್ನು ಹಿಡಿದು ಕೂತ. ಈಗ ಅದು ಅಚ್ಚಾಗಿ, ಹೊಲಿಗೆ ಹಾಕಿಸಿಕೊಂಡು, ಹಸಿರು ರಕ್ಷಾಪುಟ ತೊಟ್ಟು ಬಂದಿತ್ತು. ಹಸುಗೂಸು ಮಗನನ್ನು ಎತ್ತಿಕೊಂಡು ತವರಿಗೆ ಬಂದಿದ್ದ ಮಗಳು ಪುಸ್ತಕ ಕಂಡದ್ದೇ ತಡ ಎಳೆದುಕೊಂಡಳು. ಬಾಯಿಪಾಠ ಅವಳಿಗೂ ಬಾರದು, ಆದರೆ ಓದಲು ಬರುತ್ತದಲ್ಲ. ಅಮ್ಮ ಮಲಗಿದ್ದ ಕೋಣೆಯಲ್ಲೇ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಪುಸ್ತಕ ಹಿಡಿದು, ರಾಗ ಅಂದಾಜಿನ ಮೇಲೆ ಹಿಡಿದು ಹಾಡಿದಳು.

ಬೆಕ್ಕು ಮಲಗಿತು ಒಲೆಯ ಬುಡದಲ್ಲಿ
ಕೋಳಿ ಮಲಗಿತು ಬುಟ್ಟಿಯ ಒಳಗೆ
ದುಂಬಿ ಮಲಗಿತು ಬಾಗಿಲ ಆಚೆ
ನೀನೂ ಮಲಗು ಕಂದ, ನಾನಿಲ್ಲೇ ಇರುವೆ

“ದಿಂಬಿ,” ಎಂದಳು ಅಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ.

“ಇದ್ರಲ್ಲಿ ದುಂಬಿ ಅಂತಿದೆ ಅಜ್ಜಿ.”

“ದುಂಬಿಗೇನು ಕೆಲಸ ನಮ್ಮನೇಲಿ? ದಿಂಬಿ ಕಣೆ. ನನ್ನ ಮಗಳು. ನಿಮ್ಮಪ್ಪನಿಗಿಂತ ಮುಂಚಿನೋಳು.”

ಹಾಲು ತರಲು ಮರೆತೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ್ದಳು. ಇತ್ತೀಚೆಗೆ ಅಮ್ಮನಿಗೆ ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ, ಸೊಸೆ ಹೋಗಿ ವರ್ಷಗಳಾದರೂ ಒಮ್ಮೊಮ್ಮೆ ಅವಳಿಗೆ ಊಟವಾಯಿತೇ ಎಂದು ಕೇಳುತ್ತಿದ್ದಳು. ಆದರೆ ಇದನ್ನು ಹೇಳುವಾಗ ಅವಳ ಮಾತು ಎಲ್ಲೂ ತಡವರಿಸಲಿಲ್ಲ. ಹುಟ್ಟುವಾಗಲೇ ಗುಂಡುಗುಂಡಗೆ ಇದ್ದಳಂತೆ. ಅಪ್ಪ ಎತ್ತಿಕೊಂಡವನೇ, ಇದೇನು ಹತ್ತಿ ತುಂಬಿದ ದಿಂಬು ಇದ್ದ ಹಾಗಿದೆ ಎಂದನಂತೆ, ಅಲ್ಲಿಂದ ದಿಂಬಿಯಾದಳು. ಗೋಡೆ ಹಿಡಿದು ನಡೆಯಲು ಕಲಿತ ಹೊತ್ತಿಗೆ ಜ್ವರ ಬಂತು. ಬಾಗಿಲಾಚೆ ಜಗುಲಿಯ ಮೇಲೆ ಮಲಗಿಸಿದರು, ಅಲ್ಲಿಂದ ಎತ್ತಿಕೊಂಡು ಹೋದರು. ಮುಂದೆ ಅವನು ಹುಟ್ಟಿದಾಗ ಮನೆಯ ಹಿರಿಯರು ಅಮ್ಮನಿಗೆ ತಾಕೀತು ಮಾಡಿದರು: ಹೋದದ್ದರ ಹೆಸರು ಎತ್ತಬೇಡ, ಬಂದದ್ದಕ್ಕೆ ಒಳ್ಳೆಯದಲ್ಲ. ಅಮ್ಮ ಎತ್ತಲಿಲ್ಲ. “ಹಾಡಲ್ಲಿ ಸೇರಿಸ್ಕೊಂಡೆ. ಹಾಡೋದನ್ನ ಯಾರು ಬೇಡ ಅಂತಾರೆ? ದಿನಾ ಒಂದು ಸಲ ಕರೆದ ಹಾಗಾಯ್ತು,” ಎಂದಳು. ಅಷ್ಟು ಹೇಳಿ ಹಾಗೇ ನಿದ್ದೆ ಹೋದಳು. ಮಗಳು ಪುಸ್ತಕ ಮುಚ್ಚಿ ಅಪ್ಪನ ಮುಖ ನೋಡಿದಳು. ಅವನು ಚಹಾ ತಣ್ಣಗಾಗಿದೆ ಎಂದು ಗೊಣಗುತ್ತ ಅಡಿಗೆಮನೆಗೆ ಹೋಗಿ, ಅಲ್ಲಿ ನಲ್ಲಿ ತಿರುಗಿಸಿ, ನೀರು ಸುಮ್ಮನೆ ಹರಿಯಲು ಬಿಟ್ಟು ನಿಂತ.

ಅಚ್ಚಿನ ಮನೆಯ ಮೆಟ್ಟಿಲು ಹತ್ತುವಾಗ ಅವನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಪುಸ್ತಕಗಳ ಕಟ್ಟುಗಳು ಇನ್ನೂ ಅಲ್ಲೇ ಇದ್ದವು, ನಾಳೆ ಶಾಲೆಗಳಿಗೆ, ಗ್ರಂಥಾಲಯಗಳಿಗೆ ಹೊರಡಬೇಕಾದಂಥವು. ಒಮ್ಮೆ ಹೊರಟರೆ ಮುಗಿಯಿತು. ಯಾವುದೋ ಊರಿನ ಯಾವುದೋ ತಾಯಿ ಅದನ್ನು ನೋಡಿಕೊಂಡು ದುಂಬಿ ಮಲಗಿತು ಎಂದು ಹಾಡುತ್ತಾಳೆ, ಅವಳ ಮಗು ಅದನ್ನೇ ಕಲಿಯುತ್ತದೆ. ಅಕ್ಕನ ಫೋಟೋ ಇಲ್ಲ, ಅಂಗಿ ಇಲ್ಲ, ಅವಳನ್ನು ಕಂಡವರಲ್ಲಿ ಅಮ್ಮನ ಹೊರತು ಯಾರೂ ಉಳಿದಿಲ್ಲ. ಇದ್ದದ್ದು ಎರಡಕ್ಷರ, ಅದೂ ಅಮ್ಮನ ಬಾಯಿಯಲ್ಲಿ, ಆ ಬಾಯಿಗೋ ದಿನದಿನಕ್ಕೆ ಮರೆವು ಹತ್ತುತ್ತಿದೆ. ಆ ಎರಡಕ್ಷರವನ್ನು ಉಳಿಸಿಕೊಡಬಹುದಾಗಿದ್ದ ಒಂದೇ ಒಂದು ಕೆಲಸವನ್ನು ಕೈಗೆತ್ತಿಕೊಂಡವನು ತಾನು, ಅದನ್ನು ಅಳಿಸಿದವನೂ ತಾನು. ಮಾಲೀಕ ಅವನನ್ನು ಕಂಡವನೇ ಎಂದಿನಂತೆ ‘ಬಾರಪ್ಪ ಹದ್ದು’ ಎಂದ. ತಪ್ಪುಗಳ ಮೇಲೆ ಅವನ ಕಣ್ಣು ಹದ್ದಿನ ಹಾಗೆ ಎರಗುತ್ತದೆಂದು ಇಟ್ಟ ಹೆಸರು. ಅವನಿಗೆ ಅದು ಒಳಗೊಳಗೇ ಇಷ್ಟವಾಗುತ್ತಿತ್ತು, ಇವತ್ತು ಮೈ ಉರಿಯಿತು.

ವಿಷಯ ಪೂರ್ತಿ ಹೇಳಲು ಬಾಯಿ ಬರಲಿಲ್ಲ. ಒಂದು ಅಕ್ಷರ ತಪ್ಪಾಗಿದೆ, ಜೊತೆಗೆ ಒಂದು ಸಾಲು ಹೆಚ್ಚಾಗಿದೆ ಎಂದ. ಮಾಲೀಕ ನಕ್ಕುಬಿಟ್ಟ. ನಿನ್ನ ಕಣ್ಣಿಂದ ತಪ್ಪಿಸಿಕೊಂಡು ಒಂದು ತಪ್ಪು ಬದುಕಿತು ಅಂದರೆ ಅದಕ್ಕೆ ಸನ್ಮಾನ ಮಾಡಬೇಕು ಮಹರಾಯ ಎಂದು ಪುಟ ತೆಗೆಸಿ ನೋಡಿದ. ಬೆಕ್ಕು, ಕೋಳಿ, ದುಂಬಿ. ಸರಿಯಾಗಿಯೇ ಇದೆಯಲ್ಲ? ದಿಂಬಿ ಅಂದರೇನು? ಅದು ಹೆಸರು ಎಂದ ಅವನು. ಯಾರ ಹೆಸರು ಎಂದು ಮಾಲೀಕ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ಮಾಲೀಕ ತಲೆ ಕೆರೆದುಕೊಂಡು, ಒಂದು ಕೊಂಬಿಗೋಸ್ಕರ ಹೊಲಿಗೆ ಬಿಚ್ಚುವುದು ಆಗದ ಮಾತು, ಬೇಕಿದ್ದರೆ ಹಳೆಯ ಕಾಲದವರ ಹಾಗೆ ಒಂದು ತಪ್ಪು-ಒಪ್ಪು ಚೀಟಿ ಅಚ್ಚು ಹಾಕಿಕೊಡುತ್ತೇನೆ, ಕೊನೆಯ ಪುಟಕ್ಕೆ ಅಂಟಿಸಿಕೋ ಎಂದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಕೊಂಚ ಮರುಕವೂ ಇತ್ತು. ನಿವೃತ್ತಿ ಹತ್ತಿರ ಬಂದ ಮನುಷ್ಯನಿಗೆ ಕಣ್ಣು ಮಂಜಾಗುವುದು ಸಹಜ ಎಂಬಂಥ ಮರುಕ. ತಾನು ನೋಡದೆ ಬಿಟ್ಟ ತಪ್ಪಲ್ಲ ಇದು, ನೋಡಿ ನೋಡಿ ಮಾಡಿದ್ದು ಎಂದು ಕೂಗಬೇಕೆನಿಸಿತು. ಕೂಗಿದರೆ ಇನ್ನೂ ನಗೆಪಾಟಲು.

ಕೊಂಬಿನ ಕಥೆಯಾದರೂ ಬೇಕು, ಆ ಹೆಚ್ಚಾದ ಸಾಲಿನದು ಬೇಡ. ಮಲಗಿಸುವ ಹಾಡಿಗೆ ಎಬ್ಬಿಸುವ ಇನ್ನೊಂದು ಭಾಗವಿತ್ತು. ಬೆಕ್ಕು ಎದ್ದಿತು ಮೈಯ ಮುರಿಯುತ್ತ, ಕೋಳಿ ಎದ್ದಿತು ರೆಕ್ಕೆ ಕೊಡವುತ್ತ, ನೀನೂ ಏಳು ಕಂದ ಬೆಳಕಾಯಿತು. ಅಷ್ಟೇ. ಮಲಗಿದವು ಮೂರು, ಎದ್ದವು ಎರಡು. ಕೊನೆಯ ಕರಡು ನೋಡುವಾಗ ಅವನಿಗೆ ಇದು ಕಣ್ಣಿಗೆ ಹೊಡೆಯಿತು. ಅಮ್ಮ ಒಂದು ಸಾಲು ಮರೆತಿದ್ದಾಳೆ ಎಂದುಕೊಂಡ. ವಯಸ್ಸಾಯಿತು, ಪಾಪ. ಮರೆತದ್ದನ್ನು ತುಂಬಿಕೊಡುವುದು ಮಗನ ಕರ್ತವ್ಯ ಎಂಬ ಒಂದು ಬೆಚ್ಚಗಿನ ಭಾವನೆಯೂ ಆಗ ಮೂಡಿತ್ತು, ಅದನ್ನು ನೆನೆಸಿಕೊಂಡರೆ ಈಗ ಹೇಸಿಗೆಯಾಗುತ್ತದೆ. ಕೆಂಪು ಪೆನ್ನು ತೆಗೆದು ಬರೆದ: ದುಂಬಿ ಎದ್ದಿತು ಹೂವನರಸುತ್ತ. ಅರಸುತ್ತ! ಅಮ್ಮ ಹುಟ್ಟಿದಂದಿನಿಂದ ಏನನ್ನೂ ಅರಸಿದವಳಲ್ಲ. ಬೇಕಾದ್ದನ್ನು ಹುಡುಕುತ್ತಿದ್ದಳು, ಸಿಗದಿದ್ದರೆ ಬಿಡುತ್ತಿದ್ದಳು. ಆದರೂ ಆ ಸಾಲು ಬರೆದು ಅವನು ಖುಷಿಪಟ್ಟ, ಅದನ್ನು ಎರಡು ಸಲ ಗುನುಗಿದ, ಯಾರಿಗೂ ಗೊತ್ತಾಗದ ಹಾಗೆ ಜನಪದ ಕವಿಯಾದೆ ಎಂದುಕೊಂಡ. ಅವನಿಗೇನು ಕೊಂಬು ಬಂದಿತ್ತೋ. ಮಲಗಿದವಳನ್ನು ಅಮ್ಮ ಇಷ್ಟು ವರ್ಷ ಯಾಕೆ ಎಬ್ಬಿಸಲಿಲ್ಲ ಎಂಬ ಒಂದು ಪ್ರಶ್ನೆ ಕೂಡ ಹೊಳೆಯದಷ್ಟು ಮಂಕನಾಗಿ, ಇಷ್ಟು ಕಾಲ ಆ ಹಾಡಿಗೇ ನಿದ್ದೆ ಹೋಗಿ ಆ ಹಾಡಿಗೇ ಎದ್ದಿದ್ದ.

ಮಗಳು ನಿನ್ನೆ ಆ ಎರಡನೆಯ ಭಾಗಕ್ಕೆ ಬಂದಿರಲಿಲ್ಲ. ಅಷ್ಟರಲ್ಲಿ ಅಮ್ಮನಿಗೆ ನಿದ್ದೆ ಬಂತಲ್ಲ. ಅದೊಂದೇ ಉಳಿದಿರುವ ದಾರಿ. ಇವತ್ತು ಚೀಟಿ ಒಯ್ದು, ಮನೆಯ ಪ್ರತಿಯಲ್ಲಿ ಮೊದಲು ಆ ಸಾಲಿನ ಮೇಲೇ ಅಂಟಿಸಿ, ಅಮ್ಮನ ಮುಂದೆ ಕೂತು, ಅವಳು ಹಾಡುತ್ತಿದ್ದ ಹಾಗೇ ಓದಿ ಕೇಳಿಸಬೇಕು. ನಿನ್ನ ಮಗಳು ಪುಸ್ತಕದಲ್ಲಿ ಇದ್ದಾಳೆ ಅಮ್ಮ ಎನ್ನಬೇಕು. ಬೆಳಗ್ಗೆ ಹೊರಡುವಾಗ ಮಗಳಿಗೆ ಆ ಹಾಡು ಮಾತ್ರ ಓದಬೇಡ ಎಂದು ಹೇಳಿಬರಬೇಕೆಂದುಕೊಂಡಿದ್ದ. ಹೇಳಿದರೆ ಯಾಕೆ ಎನ್ನುತ್ತಾಳೆ. ಯಾಕೆಂದರೆ ಅದರಲ್ಲಿ ಒಂದು ಸಾಲು ನಾನೇ ಕಟ್ಟಿದ್ದು ಎನ್ನಬೇಕಾಗುತ್ತದೆ. ಚಪ್ಪಲಿ ಮೆಟ್ಟುತ್ತ, ಅಜ್ಜಿಗೆ ಜಾಸ್ತಿ ಆಯಾಸ ಮಾಡಬೇಡ ಎಂದಷ್ಟೇ ಹೇಳಿ ಬಂದಿದ್ದ.

ಚೀಟಿಗೆ ವಾಕ್ಯ ಬರೆದುಕೊಡು ಎಂದು ಮಾಲೀಕ ಒಂದು ಹಾಳೆ ಚಾಚಿದ. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಎಡಕ್ಕೆ ‘ದುಂಬಿ ಮಲಗಿತು’, ಬಲಕ್ಕೆ ‘ದಿಂಬಿ ಮಲಗಿತು’ ಎಂದು ಬರೆದ. ಅದರ ಕೆಳಗೆ ಎಡಕ್ಕೆ ‘ದುಂಬಿ ಎದ್ದಿತು ಹೂವನರಸುತ್ತ’ ಎಂದು ಬರೆದು, ಬಲಕ್ಕೆ ಏನು ಬರೆಯಬೇಕೆಂದು ತೋಚದೆ ಪೆನ್ನು ಹಿಡಿದು ಕೂತ. ಒಂದು ಸಾಲನ್ನು ಪೂರ್ತಿ ಕೈಬಿಡುವಾಗ ಕಸುಬಿನಲ್ಲಿ ‘ಈ ಸಾಲು ಬೇಡ’ ಎನ್ನುತ್ತಾರೆ. ಎಷ್ಟು ಕರಡುಗಳ ಅಂಚಿನಲ್ಲಿ ಹಾಗೆ ಬರೆದಿದ್ದಾನೆ. ಅದನ್ನೇ ಬರೆದ. ಬರೆದದ್ದನ್ನು ಓದಿಕೊಂಡಾಗ ಮಲಗಿರುವುದು ಒಪ್ಪು, ಏಳುವುದು ತಪ್ಪು, ಅದು ಬೇಡ ಎಂದು ತಾನೇ ಸಹಿ ಹಾಕಿಕೊಟ್ಟ ಹಾಗಾಯಿತು. ಮೇಜಿನ ಆಚೆ ಯಂತ್ರ ಯಾವುದೋ ಕಂಪನಿಯ ಬಣ್ಣದ ಜಾಹೀರಾತು ಉಗುಳುತ್ತಿತ್ತು, ಒಂದೇ ನಗುಮುಖದ ಹೆಂಗಸು ಒಂದರ ಮೇಲೊಂದು ಬಂದು ಬೀಳುತ್ತಿದ್ದಳು. ಅವನಿಗೆ ಅಳು ಬಂತು. ಸೀನು ಬಂದವನ ಹಾಗೆ ಕರ್ಚೀಫು ತೆಗೆದ.

ಮುನ್ನುಡಿ ಬರೆದ ಮೇಷ್ಟ್ರಿಗೂ ಒಂದು ಮಾತು ತಿಳಿಸಬೇಕಿತ್ತು. ಅವರು ಕಾಲೇಜಿನಿಂದ ನಿವೃತ್ತರಾದವರು, ಜನಪದ ಸಾಹಿತ್ಯದ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವರು. ಅವನು ತಿದ್ದಿದ ಕೊನೆಯ ಕರಡು ಓದಿ ಬರೆದ ಮುನ್ನುಡಿಯಲ್ಲಿ ಎಲ್ಲವನ್ನೂ ಬಿಟ್ಟು ಆ ದುಂಬಿಯನ್ನೇ ಹಿಡಿದುಕೊಂಡು ಅರ್ಧ ಪುಟ ಬರೆದಿದ್ದರು. ಬೆಕ್ಕು ಮತ್ತು ಕೋಳಿ ಮನೆಯ ಒಳಗಿನವು, ದುಂಬಿ ಹೊರಗಿನದು. ಒಳಗೂ ಹೊರಗೂ ನಡುವೆ ಹೊಸ್ತಿಲಾಗಿ ನಿಂತ ಈ ದುಂಬಿ ಅನಕ್ಷರಸ್ಥ ತಾಯಿಯೊಬ್ಬಳ ಕಲ್ಪನೆಯ ಅಪೂರ್ವ ಪ್ರತಿಮೆ, ಅದು ಮತ್ತೆ ಎದ್ದು ಹೂವನ್ನು ಅರಸುವಲ್ಲಿ ಬದುಕಿನ ಮೇಲಿನ ಅದಮ್ಯ ನಂಬಿಕೆಯಿದೆ, ಹೀಗೆ. ಓದಿದಾಗ ಅವನು ನಾಚಿ ಕೆಂಪಾಗಿದ್ದ. ತನ್ನ ಸಾಲಿಗೆ ಸಿಕ್ಕ ಹೊಗಳಿಕೆಯನ್ನು ಅಮ್ಮನ ಹೆಸರಿನಲ್ಲಿ ಜೇಬಿಗಿಳಿಸಿದ್ದ. ಈಗ ಫೋನಿನಲ್ಲಿ ಅದು ದುಂಬಿ ಅಲ್ಲ ಸರ್, ದಿಂಬಿ, ಮಗುವಿನ ಹೆಸರು ಎಂದ. ಮೇಷ್ಟ್ರು ತರಗತಿಯ ದನಿಯಲ್ಲಿ ಸಮಾಧಾನ ಹೇಳಿದರು. ಬಾಯಿಂದ ಬಾಯಿಗೆ ದಾಟುವಾಗ ಪದಗಳು ಸವೆಯುತ್ತವೆ, ಬದಲಾಗುತ್ತವೆ, ಅದೇ ಮೌಖಿಕ ಪರಂಪರೆಯ ಜೀವ, ತಲೆ ಕೆಡಿಸಿಕೊಳ್ಳಬಾರದು. “ಎರಡೂ ಇರ್ಲಿ ಬಿಡಿ. ಅದನ್ನ ಪಾಠಾಂತರ ಅಂತಾರೆ,” ಎಂದರು. ಫೋನು ಇಟ್ಟ ಮೇಲೂ ಆ ಶಬ್ದ ಕಿವಿಯಲ್ಲೇ ಉಳಿಯಿತು. ಗೋಡೆ ಹಿಡಿದು ನಡೆಯುತ್ತಿದ್ದ ಒಂದು ಹುಡುಗಿ, ಅವನಿಗಿಂತ ಮುಂಚೆ ಆ ಮನೆಯಲ್ಲಿ ಅತ್ತು ನಕ್ಕು ಜ್ವರದಿಂದ ಮೈ ಸುಡುತ್ತ ಸತ್ತವಳು, ಪಾಠಾಂತರ. ಮೇಷ್ಟ್ರದ್ದೇನೂ ತಪ್ಪಿಲ್ಲ. ಬಾಯಿಂದ ಬಾಯಿಗೆ ದಾಟುವಾಗ ಆ ಪದ ಸವೆಯಲಿಲ್ಲ. ಅಷ್ಟು ವರ್ಷ ಅಮ್ಮ ಅದರ ಅಂಚು ಕೂಡ ಮುಕ್ಕಾಗದ ಹಾಗೆ ಕಾಪಾಡಿಕೊಂಡಿದ್ದಳು. ಬಾಯಿಂದ ಕೈಗೆ ಬಂದಾಗ ಸತ್ತಿತು.

ಕೈಗೆ ಬಂದ ದಿನ ಅವನಿಗೆ ಚೆನ್ನಾಗಿ ನೆನಪಿದೆ, ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. ಅಮ್ಮ ಕಿಟಕಿಯ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಳು, ಹಾಡು ಹೇಳು ಎಂದರೆ ಸುಮ್ಮನೆ ಹೇಳಲು ಬಾರದು, ಕೈಗೆ ಏನಾದರೂ ಕೆಲಸ ಬೇಕು. ಅವನು ಎದುರಿಗೆ ಕೂತು ಬರೆಯುತ್ತಿದ್ದ. ಈ ಸಾಲಿಗೆ ಬಂದಾಗ ಕೈ ನಿಂತಿತು. ದುಂಬಿ ತಾನೆ ಅಮ್ಮ ಎಂದು ಕೇಳಿದ. ಹೌದು, ಕೇಳಿದ್ದ. ಕೇಳಲಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಅನುಕೂಲವೂ ಅವನಿಗಿಲ್ಲ. ಅಮ್ಮ ಸೊಪ್ಪಿನಿಂದ ತಲೆ ಎತ್ತದೆ, “ದ ಗುಡಿಸು ದಿ,” ಎಂದಿದ್ದಳು, ಶಾಲೆಯ ರಾಗದಲ್ಲಿ. ಅವನು ಜೋರಾಗಿ ನಕ್ಕ. ಯಾಕೆಂದರೆ ಅಮ್ಮನಿಗೆ ಅಕ್ಷರದ ಆಕಾರವೇ ಗೊತ್ತಿಲ್ಲ. ಗುಡಿಸು ಅಂದರೆ ಕಸ ಗುಡಿಸು ಎಂದು ತಿಳಿಯುವವಳು ಎಂದು ಅಪ್ಪ ಛೇಡಿಸುತ್ತಿದ್ದ. ಆದರೆ ಅವನು ಚಿಕ್ಕವನಿದ್ದಾಗ ದಿನಾ ಸಂಜೆ ಕೂತು ಕಾಗುಣಿತ ಒದರುತ್ತಿದ್ದ: ಕ ಗುಡಿಸು ಕಿ, ಕ ಕೊಂಬು ಕು. ಅಮ್ಮ ಪಾತ್ರೆ ತೊಳೆಯುತ್ತ ಕೇಳಿ ಕೇಳಿ ಅದನ್ನೂ ಒಂದು ಹಾಡೆಂದೇ ಕಲಿತುಬಿಟ್ಟಿದ್ದಳು. ಕ ದಿಂದ ಳ ದವರೆಗೆ ಒಂದೂ ತಪ್ಪದೆ ಹೇಳುತ್ತಿದ್ದಳು, ಒಂದಕ್ಷರವನ್ನೂ ಗುರುತಿಸದೆ. ಆ ದಿನವೂ ಹಾಗೇ ಬಾಯಿಗೆ ಬಂದದ್ದು ಒದರಿದಳು ಎಂದುಕೊಂಡ. ಆದರೂ ಕೈಬರಹದಲ್ಲಿ ದಿಂಬಿ ಎಂದೇ ಬರೆದುಕೊಂಡಿದ್ದ, ಕೊನೆಯ ಕರಡಿನಲ್ಲಿ ತಿದ್ದಿದ. ತನಗೆ ಬೇಕಾಗಿದ್ದ ಒಂದೇ ಒಂದು ಕಡೆ, ಮಗನಿಂದ ಕದ್ದು ಕಲಿತ ಆ ವಿದ್ಯೆಯನ್ನು ಅಮ್ಮ ಬಳಸಿದ್ದಳು. ಅವನು ನಕ್ಕಾಗ ಅವಳೂ ನಕ್ಕಿದ್ದಳು, ತಾನು ಏನೋ ದಡ್ಡತನ ಮಾಡಿದೆ ಎಂಬ ಹಾಗೆ. ಆ ನಗುವನ್ನು ನೆನೆಯಲು ಅವನಿಂದ ಆಗುತ್ತಿಲ್ಲ.

ಚೀಟಿಗಳು ಕತ್ತರಿಸಿ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮಾಲೀಕ ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ, ನಾಳೆ ಬೇಗ ಬಂದು ಅಂಟಿಸಿಕೊಂಡರೆ ಸಾಕು, ಗಾಡಿ ನಿಲ್ಲಿಸಿರುತ್ತೇನೆ ಎಂದ. ಅವನ ಆ ಒಳ್ಳೆಯತನವೂ ಭಾರವೆನಿಸಿತು. ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಕಂಬಿಗೆ ಜೋತುಬಿದ್ದು ಅವನು ಹಾಡನ್ನು ಒಳಗೊಳಗೇ ಹೇಳಿಕೊಂಡ, ದಿಂಬಿ ಮಲಗಿತು ಬಾಗಿಲ ಆಚೆ. ಎಲ್ಲಿ ನೋಡಿದ್ದೆ ಈ ಅಕ್ಕನನ್ನು? ಯಾವತ್ತೂ ಇಲ್ಲ. ಆದರೂ ದಿನವೂ ಜೊತೆಯಲ್ಲಿ ಮಲಗಿಸಿದ್ದಾಳೆ ಅಮ್ಮ, ತಾನು ಒಳಗೆ, ಅವಳು ಹೊರಗೆ, ನಡುವೆ ಅಮ್ಮನ ದನಿ. ಸಣ್ಣವನಿದ್ದಾಗ ಆ ಸಾಲು ಬಂದ ಕೂಡಲೇ ಅಮ್ಮನ ಕೈ ತೂಗುವುದನ್ನು ನಿಲ್ಲಿಸುತ್ತಿತ್ತು ಎಂದು ಈಗ ಅವನಿಗೆ ಅನಿಸುತ್ತಿತ್ತು. ನಿಜವಾಗಿ ನಿಲ್ಲಿಸುತ್ತಿತ್ತೋ, ಇಲ್ಲ ಇದೂ ತಾನು ಈಗ ಕಟ್ಟುತ್ತಿರುವ ಇನ್ನೊಂದು ಸಾಲೋ. ಹೇಳುವವರು ಯಾರು. ಪಕ್ಕದಲ್ಲಿದ್ದ ಹೆಂಗಸು ತುಸು ಸರಿದು ನಿಂತಳು. ಅವನ ತುಟಿ ಅಲುಗುತ್ತಿದ್ದುದನ್ನು ಕಂಡಿರಬೇಕು.

ಬಾಗಿಲು ತೆಗೆದ ಮಗಳ ಮುಖದಲ್ಲಿ ಗೆಲುವಿತ್ತು. ಅಜ್ಜಿ ಇವತ್ತು ಎಷ್ಟು ಚೆನ್ನಾಗಿದ್ದಾರೆ ಗೊತ್ತಾ ಅಪ್ಪ ಎಂದಳು. ಎದ್ದು ಕೂತಿದ್ದಾರೆ, ತಲೆ ಬಾಚಿಸಿಕೊಂಡರು, ಊಟ ಕೇಳಿ ಮಾಡಿದರು. ಆಮೇಲೆ ದನಿ ತಗ್ಗಿಸಿ, ನಿನ್ನೆ ಅಜ್ಜಿ ಹೇಳಿದ ಮೇಲೆ ತನಗೂ ರಾತ್ರಿಯೆಲ್ಲ ಸಂಕಟವಾಯಿತು, ಅದಕ್ಕೇ ಇವತ್ತು ಪುಸ್ತಕದಲ್ಲಿ ಏನೇ ಇರಲಿ, ದುಂಬಿ ಎಂದು ಇದ್ದಲ್ಲೆಲ್ಲ ತಾನೇ ದಿಂಬಿ ಎಂದು ಹಾಡಿದೆ ಎಂದಳು. ಎಲ್ಲಾ ಕಡೆಯಾ ಎಂದು ಅವನು ಕೇಳಿದ. ಹೂಂ, ಮಲಗೋದು, ಏಳೋದು, ಎರಡೂ ಕಡೆ. ಅವನಿಗೆ ಚೀಲ ಕೆಳಗಿಡಬೇಕೆಂದೂ ಹೊಳೆಯಲಿಲ್ಲ. ಮಗಳು ಮಾಡಿದ್ದು ಅವನು ದಿನವಿಡೀ ಓಡಾಡಿ ಮಾಡಿಸಿಕೊಂಡು ಬಂದ ತಿದ್ದುಪಡಿಯೇ. ಪ್ರೀತಿಯಿಂದ ಮಾಡಿದ್ದಳು. ಅವನ ಸಾಲು ಅಲ್ಲಿರುವುದು ಅವಳಿಗೆ ಹೇಗೆ ಗೊತ್ತಾಗಬೇಕು.

ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ ತೆರೆದಿತ್ತು. ಆ ಪುಟದ ನಡುವೆ ಒಂದು ಬೆರಳು ಊರಿಕೊಂಡಿದ್ದಳು, ತೆಗೆದರೆ ಜಾಗ ತಪ್ಪಿಹೋಗುತ್ತದೆ ಎಂಬಷ್ಟು ಗಟ್ಟಿಯಾಗಿ. ಅದು ಯಾವ ಸಾಲು ಎಂದು ಅವನು ಬಗ್ಗಿ ನೋಡಬೇಕಾಗಿರಲಿಲ್ಲ. ಅವಳ ಮುಖದಲ್ಲಿ ಅವನು ಯಾವತ್ತೂ ಕಾಣದ ಒಂದು ಕಳೆಯಿತ್ತು. ಅವನನ್ನು ಹೆತ್ತ ವಯಸ್ಸಿಗಿಂತಲೂ ಚಿಕ್ಕವಳಾದ ಯಾರೋ ಅಲ್ಲಿ ಕೂತ ಹಾಗಿತ್ತು.

“ಯಾಕೋ ನಂಗೆ ನೀನು ಹೇಳ್ಲೇ ಇಲ್ಲ?” ಎಂದಳು.

“ಏನಮ್ಮ?”

“ಎದ್ದಿದ್ದು. ಇಲ್ಲಿ ಅಚ್ಚಾಗಿದೆಯಲ್ಲ. ಇವಳು ಬೆರಳಿಟ್ಟು ತೋರಿಸಿದ್ಲು.”

ಅವನು ಮಂಚದ ಅಂಚಿನಲ್ಲಿ ಕೂತ. ಜೇಬಿನಲ್ಲಿ ಚೀಟಿಯ ಕಟ್ಟು ತೊಡೆಗೆ ಒತ್ತುತ್ತಿತ್ತು. ಈಗ ಹೇಳಬೇಕು, ಇದಕ್ಕೇ ಬಂದದ್ದು. ಅಮ್ಮ, ಅದು ನಾನು ಸೇರಿಸಿದ್ದು, ನೀನು ಹಾಡಿದ್ದರಲ್ಲಿ ಇರಲಿಲ್ಲ ಎನ್ನಬೇಕು. ಅಷ್ಟರಲ್ಲಿ ಅವಳೇ ಅದನ್ನು ಹೇಳಿದಳು. “ನಾನು ಯಾವತ್ತೂ ಎಬ್ಬಿಸಿರ್ಲಿಲ್ಲಪ್ಪ. ಎಷ್ಟು ಸಲ ಬಾಯಿ ತುದೀಗೆ ಬಂತು, ನುಂಗ್ಕೊಂಡೆ. ಸುಳ್ಳು ಹಾಡಬಾರ್ದಲ್ಲ.” ಬೆರಳು ಸಾಲಿನ ಮೇಲೆ ನಿಧಾನ ಆಚೀಚೆ ಆಡಿತು. “ನೀನು ಓದಿದೋನು. ವಿಚಾರಿಸ್ಕೊಂಡೇ ಅಚ್ಚು ಹಾಕ್ಸಿರ್ತೀಯ. ನಿಜ ತಾನೆ?”

ಅಚ್ಚಾದದ್ದು ಸುಳ್ಳಿರುವುದಿಲ್ಲ ಎಂದು ಅಮ್ಮ ಮೊದಲಿಂದಲೂ ನಂಬಿದವಳು. ಮಾತಿನಲ್ಲಿ ಜನ ಹೆಚ್ಚುಕಡಿಮೆ ಮಾಡುತ್ತಾರೆ, ಬರೆಯುವವರೂ ಅವಸರದಲ್ಲಿ ತಪ್ಪುತ್ತಾರೆ, ಆದರೆ ಅಚ್ಚಿಗೆ ಹೋಗುವ ಮುಂಚೆ ಕೂತು ಒಂದೊಂದೇ ಅಕ್ಷರ ನೋಡುವ ಒಬ್ಬ ಮನುಷ್ಯ ಇರುತ್ತಾನೆ, ಆ ಕೆಲಸ ಮಾಡುವವನು ನನ್ನ ಮಗ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಆ ಮನುಷ್ಯ ಈಗ ಅವಳ ಎದುರಿಗೆ ಕೂತಿದ್ದ. ತಪ್ಪು ಯಾವುದು ಒಪ್ಪು ಯಾವುದು ಎಂದು ಹೇಳುವುದೊಂದೇ ಅವನು ಕಲಿತ ವಿದ್ಯೆ. ಊರಿಗೆಲ್ಲ ಒಪ್ಪನ್ನು ಅಂಟಿಸಿ ಕಳಿಸಬಹುದು, ಕಳಿಸುತ್ತಾನೆ. ಈ ಒಂದು ಪುಟಕ್ಕೆ, ಈ ಒಂದು ಬೆರಳನ್ನು ಎತ್ತಿ ಸರಿಸಿ, ಅದರ ಕೆಳಗೆ ‘ಈ ಸಾಲು ಬೇಡ’ ಎಂಬ ಚೀಟಿ ಅಂಟಿಸುವ ಎದೆ ಅವನಿಗಿರಲಿಲ್ಲ. ಅವಳ ಮಗಳನ್ನು ಒಮ್ಮೆ ಅಳಿಸಿದವನು ಈಗ ಸತ್ಯ ಹೇಳಿ ಇನ್ನೊಮ್ಮೆ ಸಾಯಿಸಬೇಕು, ಹೇಳದಿದ್ದರೆ ಅಮ್ಮ ಜೀವನಪೂರ್ತಿ ಕಾಪಾಡಿಕೊಂಡ ಸತ್ಯವನ್ನು ಸುಳ್ಳು ಮಾಡಬೇಕು.

“ನಿಜ ಅಮ್ಮ,” ಎಂದ.

ಅಮ್ಮ ತಲೆಯಾಡಿಸಿದಳು. ಪುಸ್ತಕ ಮುಚ್ಚಲಿಲ್ಲ. ಹೊರಗೆ ಯಾರದೋ ಸ್ಕೂಟರ್ ಬಂದು ನಿಂತಿತು, ಮಗಳ ತೋಳಿನಲ್ಲಿ ಗಂಡುಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಆಮೇಲೆ ಅಮ್ಮ, ಮನೆ ತುಂಬ ಕೆಲಸವಿರುವಾಗ ಆಡುತ್ತಿದ್ದ ಆ ಹಳೆಯ ಅವಸರದ ದನಿಯಲ್ಲಿ, “ಮತ್ತೆ ಕೂತ್ಕೊಂಡೇನು ನೋಡ್ತೀಯ? ಹಾಲು ಕಾಯಿಸು ಹೋಗು. ಎದ್ದ ಕೂಡ್ಲೇ ಹಸಿವು ಅವಳಿಗೆ, ಅಳ್ತಾಳೆ,” ಎಂದಳು.

ಅವನು ಎದ್ದು ಅಡಿಗೆಮನೆಗೆ ಹೋದ. ಪಾತ್ರೆಗೆ ಹಾಲು ಸುರಿದು ಒಲೆ ಹಚ್ಚಿದ. ಮಗಳು ಹಿಂದೆಯೇ ಬಂದು ಬಾಗಿಲ ಚೌಕಟ್ಟಿಗೆ ಒರಗಿ, ತಾನೇನಾದರೂ ತಪ್ಪಾಗಿ ಓದಿದೆನೇ ಎಂದು ಕೇಳಿದಳು. ಇಲ್ಲ, ಸರಿಯಾಗಿಯೇ ಓದಿದೀಯ ಎಂದ ಅವನು, ಅವಳತ್ತ ತಿರುಗದೆ. ಕಣ್ಣಿನಿಂದ ಇಳಿಯು‍ತ್ತಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ. ಹಾಲು ಉಕ್ಕಿ ಬಂತು, ಒಲೆ ಆರಿಸಿದ. “ಎದ್ಲೇನೋ?” ಎಂದು ಒಳಗಿನಿಂದ ಅಮ್ಮ ಕೂಗಿದಳು.

“ಈಗ ಏಳ್ತಾಳೆ ಅಮ್ಮ,” ಎಂದು, ಅಷ್ಟು ಚಿಕ್ಕ ಮಗುವಿಗೆ ಬಿಸಿಯಾಗುತ್ತದೆಂದು, ಅವನು ಹಾಲನ್ನು ಎರಡು ಲೋಟಗಳ ನಡುವೆ ಎತ್ತಿ ಎತ್ತಿ ಹೊಯ್ದು ಆರಿಸತೊಡಗಿದ.